ಕಿವಿಯ ಮೇಲೆ ನಿಂತ ಕಿರೀಟ

ಎಲ್ಲದಕ್ಕೂ ಕಾರಣ ಒಂದು ಮೈಕು.

ನಂಜುಂಡನ ಮುಖಕ್ಕೆ ಅದುವರೆಗೆ ಯಾರೂ ಮೈಕು ಹಿಡಿದಿರಲಿಲ್ಲ. ಹಿಡಿಯುವಂಥ ಮುಖವೂ ಅದಲ್ಲ. ಗೋರೆಗಾಂವಿನ ಒಂದು ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಮುಂಬಯಿಯ ಯಾವುದಾದರೂ ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಒಳಗಿನಿಂದಲೇ ಫೋನ್ ಮಾಡಿ ಬೈಯುತ್ತಾರೆ. ನಂಜುಂಡ "ಜೀ ಸರ್, ಸಾರಿ ಸರ್" ಎನ್ನುತ್ತಾನೆ. ಬೇರೆಯವರ ದೂರು ಕೇಳಿ ಕೇಳಿ, ತನಗೂ ಒಂದು ದೂರು ಇರಬಹುದೆಂಬುದೇ ಅವನಿಗೆ ಮರೆತುಹೋಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಕುಡಿಯುತ್ತಿದ್ದ. ಕಡಿಮೆಯಾದರೂ ನೀರೇ ಕುಡಿಯುತ್ತಿದ್ದ.

ಅಂಥವನು ಭಾನುವಾರ ಮಗಳು ಯಕ್ಷಿತಾಳ ಬಲವಂತಕ್ಕೆ 'ರಣಧವಳ' ನೋಡಲು ಹೋದ. ಚಿತ್ರ ಹಿಂದಿಯದು, ಕತೆ ಮಾತ್ರ ಕನ್ನಡ ನಾಡಿನ ಒಬ್ಬ ಹಳೆಯ ರಾಜನದು. ನಂಜುಂಡನ ತಾತ ಹೇಳುತ್ತಿದ್ದ ಕತೆಗಳಲ್ಲಿ ರಣಧವಳ ಒಮ್ಮೆ ಕೆಮ್ಮಿದರೆ ಶತ್ರುವಿನ ಕೋಟೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಪರದೆಯ ಮೇಲಿನ ರಣಧವಳ ಕೆಮ್ಮಿದಾಗ, ಯಾರಾದರೂ ಓಡಿಬಂದು ಕಷಾಯ ಕೊಡಬಾರದೇ ಅನ್ನಿಸುತ್ತಿತ್ತು. ಆ ಪಾತ್ರ ಮಾಡಿದ್ದವನು ರೇಯಾಂಶ್ ಬತ್ರಾ. ನಿರ್ಮಾಪಕ ಬತ್ರಾ ಸಾಹೇಬರ ಒಬ್ಬನೇ ಮಗ, ಎಳೆ ಮುಖದ ಹುಡುಗ. ಅದಕ್ಕೆ ಮುಂಚೆ ಒಂದು ಪ್ರೇಮಕಥೆಯಲ್ಲಿ ಗಿಟಾರ್ ಹಿಡಿದು ದೇಶದ ಹುಡುಗಿಯರನ್ನೆಲ್ಲ ಅಳಿಸಿದ್ದವನು.

ಥಿಯೇಟರಿನ ಮೆಟ್ಟಿಲಿಳಿಯುವಾಗ ಯಾವುದೋ ಯೂಟ್ಯೂಬ್ ಚಾನೆಲ್ಲಿನವನು ಮೈಕು ಚಾಚಿ, "ಅಂಕಲ್, ಪಿಕ್ಚರ್ ಕೈಸೀ ಲಗೀ?" ಎಂದು ಕೇಳಿದ.

"ಚೆನ್ನಾಗಿದೆ" ಎಂದುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತಾತನೇ ಮೈಮೇಲೆ ಬಂದನೋ ಏನೋ, ನಂಜುಂಡ ಮೈಕನ್ನು ಅವನ ಕೈಯಿಂದಲೇ ಕಿತ್ತುಕೊಂಡ.

"ರಾಜಾ ಕಹಾಂ ಥಾ ಭಾಯ್? ಸ್ಕೂಲಿನ ಫ್ಯಾನ್ಸಿ ಡ್ರೆಸ್ಸಿಗೆ ಬಂದ ಬಚ್ಚಾ ಥಾ ವೋ! ತಲ್ವಾರ್ ಉಸ್‌ನೇ ನಹೀ ಪಕ್ಡಾ, ತಲ್ವಾರ್ ನೇ ಉಸ್ಕೋ ಪಕ್ಡಾ! ಔರ್ ವೋ ಕಿರೀಟ್? ಸರ್ ಪೇ ನಹೀ ಥಾ, ದೋ ಕಾನ್ ಪೇ ಖಡಾ ಥಾ!" ಆವೇಶ ಏರಿದಂತೆ ಹಿಂದಿ ಮುಗಿದುಹೋಗಿ ಕನ್ನಡವೂ ಒಂದಷ್ಟು ಹರಿಯಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಆ ರಾತ್ರಿ ನಂಜುಂಡ ಬಹಳ ವರ್ಷಗಳ ಮೇಲೆ ಗೊರಕೆ ಹೊಡೆದು ಮಲಗಿದ.

ಸೋಮವಾರ ಬೆಳಿಗ್ಗೆ ಯಕ್ಷಿತಾ ಫೋನನ್ನು ಅವನ ಮೂಗಿಗೆ ತಾಗಿಸಿ ಎಬ್ಬಿಸಿದಳು. "ಅಪ್ಪಾ, ಉಠೋ! ನೀನು ವೈರಲ್ ಆಗಿದ್ದಿ! ರೇಯಾಂಶ್‌ನ ಫ್ಯಾನ್ಸ್ ಎಲ್ಲಾ ನಿನ್ನ ಪೀಛೇ ಬಿದ್ದಿದ್ದಾರೆ. ಕಾಮೆಂಟ್ಸ್ ನೋಡು."

ನಂಜುಂಡ ನೋಡಿದ. 'ಈ ಮುದುಕನನ್ನು ಕುದುರೆಗೆ ಕಟ್ಟಿ ಎಳೆಸಿ' ಎಂದು ಒಬ್ಬ ಬರೆದಿದ್ದ. 'ಯಾವ ಕುದುರೆ, ಯಾವ ರಸ್ತೆ, ಜಾಗ ಹೇಳಿ' ಎಂದು ಇನ್ನೊಬ್ಬ. ಅದರ ಕೆಳಗೆ ಮೂರನೆಯವನು ಬಹಳ ಸಹಾಯಕ ಮನೋಭಾವದಿಂದ, 'ಭಾಂಡುಪ್, ಸ್ಟೇಷನ್ನಿನ ಹತ್ತಿರ, ನಮ್ಮ ಮಾಮಾನ ಬಿಲ್ಡಿಂಗಿನಲ್ಲೇ ಇರುವುದು' ಎಂದು ಬರೆದಿದ್ದ.

ನಂಜುಂಡ ಅಭ್ಯಾಸಬಲದಿಂದ ಫೋನಿಗೆ "ಸಾರಿ ಸರ್" ಎಂದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಂಜುಂಡ ಮಂಚದ ಕೆಳಗೆ ತೂರಿಕೊಳ್ಳುವ ಮೊದಲೇ ಒಳಗೆ ಬಂದವರು ಶೀಲಾವತಿ. ಉಡುಪಿ ಕಡೆಯವರು, ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ. ಒಳ್ಳೆಯ ಸುದ್ದಿ ತಂದರೆ ಬೆಲ್ ಒತ್ತುತ್ತಾರೆ, ಕೆಟ್ಟ ಸುದ್ದಿಯಾದರೆ ಬಾಗಿಲು ಬಡಿಯುತ್ತಾರೆ.

"ಎಂಥ ಮಾಡಿದ್ದು ನೀವು ನಂಜುಂಡಣ್ಣ? ಬಿಲ್ಡಿಂಗಿನ ಗಾಜು ಎಲ್ಲ ಹೊಸತು ಹಾಕಿಸಿ ತಿಂಗಳಾಗ್ಲಿಲ್ಲ. ಅವರು ಬಂದು ಕಲ್ಲು ಬಿಸಾಡಿದ್ರೆ?"

"ಯಾರು ಬಂದು?" ಎಂದು ಕೇಳಿದ ನಂಜುಂಡನ ಧ್ವನಿ ಇಲಿಯದಾಗಿತ್ತು.

"ಬಂದಾಯ್ತಲ್ಲ! ಗೇಟಿನ ಹತ್ರ ಇಬ್ರು ಕಪ್ಪು ಅಂಗಿಯವರು ನಿಂತಿದ್ದಾರೆ. ಕುತ್ತಿಗೆಯೇ ಇಲ್ಲ ಅವರಿಗೆ, ತಲೆ ಸೀದಾ ಹೆಗಲಿನ ಮೇಲೆ. ವಾಚ್‌ಮನ್‌ಗೆ ನಿಮ್ಮ ಫೋಟೋ ತೋರಿಸಿ ಯಾವ ಮಾಳಿಗೆ ಅಂತ ಕೇಳಿದ್ರಂತೆ. ನಾನು ಹೇಳ್ಬೇಡ ಅಂತ ಹೇಳಿದ್ದೇನೆ. ಆದ್ರೆ ಅವರು ಬೆಳ್ಳುಳ್ಳಿ ಸುಲಿದ ಹಾಗೆ ಅವನನ್ನು ಸುಲಿದ್ರೆ ಅವನು ಹೇಳದೆ ಇರ್ತಾನಾ?"

ಹೆಂಡತಿ ಸುಬ್ಬಲಕ್ಷ್ಮಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಂಜುಂಡ ಬಚ್ಚಲಿಗೆ ಓಡಿ ಮೀಸೆ ಬೋಳಿಸಿಕೊಂಡು ಬಂದ. ಯಕ್ಷಿತಾ ತಲೆ ಓರೆ ಮಾಡಿ ನೋಡಿ, "ಅಪ್ಪಾ, ಈಗ ನೀನು ಇನ್ನೂ ಜಾಸ್ತಿ ನಿನ್ನ ಥರಾನೇ ಲಗ್ತೀಯಾ" ಎಂದಳು.

ಮನೆಯಲ್ಲೇ ಕೂತರೆ ಅವರು ಮನೆಗೇ ಬರುತ್ತಾರೆ, ಹೊರಟುಹೋಗುವುದೇ ಮೇಲು ಎಂದು ಶೀಲಾವತಿ ತೀರ್ಪು ಕೊಟ್ಟರು. ಗಾಜಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ ಹಾಕಿಕೊಂಡು ನಂಜುಂಡ ಕಸದ ಗಾಡಿ ಬರುವ ಹಿಂದಿನ ಗೇಟಿನಿಂದ ನುಸುಳಿ ಸ್ಟೇಷನ್ನಿಗೆ ಓಡಿದ.

ಲೋಕಲ್ಲಿನಲ್ಲಿ ನೂಕುನುಗ್ಗಲು. ಬೇರೆ ದಿನವಾದರೆ ಅದನ್ನು ಶಪಿಸುತ್ತಿದ್ದ. ಇಂದು ಅಷ್ಟು ಜನರ ನಡುವೆ ಅಡಗಿದ್ದೇನೆಂದು ಸ್ವಲ್ಪ ಧೈರ್ಯವಾಯಿತು. ಆ ಧೈರ್ಯ ಮಾಟುಂಗದವರೆಗೂ ಬಾಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನ ಫೋನಿನಿಂದ ಒಂದು ಧ್ವನಿ ಕೇಳಿಬಂತು. "ತಲ್ವಾರ್ ನೇ ಉಸ್ಕೋ ಪಕ್ಡಾ!" ಬೆನ್ನ ಹಿಂದಿನ ಫೋನಿನಿಂದ, "ದೋ ಕಾನ್ ಪೇ ಖಡಾ ಥಾ!" ಇಡೀ ಡಬ್ಬಿಯಲ್ಲಿ ನಂಜುಂಡನೊಬ್ಬನನ್ನು ಬಿಟ್ಟು ಎಲ್ಲರ ಬಳಿಯೂ ನಂಜುಂಡ ಮಾತಾಡುತ್ತಿದ್ದ.

"ಯೇ ಅಂಕಲ್ ಮಿಲಾ ನಾ," ಎಂದ ಹುಡುಗ ಗೆಳೆಯನಿಗೆ, "ಇಸೀ ಟ್ರೇನ್ ಸೇ ಬಾಹರ್ ಲಟ್ಕಾವೂಂಗಾ."

ರೈಲಿನ ಹೊರಗೆ ನೇತಾಡುವ ತನ್ನನ್ನು ನೆನೆದೇ ನಂಜುಂಡನಿಗೆ ಸೀನು ಬಂತು. ತಡೆದ. ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾಯಿತು, ಸೀನು ಮಾಸ್ಕಿನೊಳಗೇ ಸಿಡಿದು ಮಾಸ್ಕಿನ ದಾರ ಹರಿಯಿತು. ಹುಡುಗ ತಿರುಗಿ ಅವನ ಮುಖ ನೋಡಿದ. ಫೋನು ನೋಡಿದ. ಮತ್ತೆ ಮುಖ ನೋಡಿದ. ಮೀಸೆ ಇಲ್ಲದ್ದರಿಂದ ಲೆಕ್ಕ ಸರಿಹೊಂದಲು ಸ್ವಲ್ಪ ಹೊತ್ತು ಬೇಕಾಯಿತು. ಆ ಹೊತ್ತಿನಲ್ಲೇ ಗಾಡಿ ಮಾಟುಂಗದಲ್ಲಿ ನಿಂತಿತು. ನಂಜುಂಡ ಮೂವರ ಕಾಲು ತುಳಿದು ಹಾರಿಕೊಂಡ. ಪ್ಲಾಟ್‌ಫಾರ್ಮಿನಲ್ಲಿ ತಿರುಗಿ ನೋಡುತ್ತಾನೆ, ಪಕ್ಕದ ಡಬ್ಬಿಯಿಂದ ಇಬ್ಬರು ಕಪ್ಪು ಅಂಗಿಯವರೂ ಇಳಿಯುತ್ತಿದ್ದಾರೆ. ಶೀಲಾವತಿ ಸುಳ್ಳು ಹೇಳಿರಲಿಲ್ಲ. ಕುತ್ತಿಗೆ ನಿಜವಾಗಿಯೂ ಇರಲಿಲ್ಲ.

ಓಡುತ್ತ ಓಡುತ್ತ ಹೂವಿನ ಅಂಗಡಿಗಳ ಸಂದಿಯಲ್ಲಿ ಅವರನ್ನು ತಪ್ಪಿಸಿ, ಕಂಡ ಮೊದಲ ಉಡುಪಿ ಹೋಟೆಲಿಗೆ ನುಗ್ಗಿ ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತ. ಮಾಣಿ ಬಂದು ಏನು ಬೇಕೆಂದ. "ಎರಡು ಇಡ್ಲಿ, ಸಾಂಬಾರು ಬೇರೆಯಾಗಿ" ಎಂದ ನಂಜುಂಡ, ಆದಷ್ಟು ಮೆಲ್ಲಗೆ.

"ಈ ಧ್ವನಿ!" ಎಂದು ಪಕ್ಕದ ಮೇಜಿನಿಂದ ಒಬ್ಬರು ಎದ್ದು ನಿಂತರು.

ಅವರು ಶ್ರೀರಾಮ್ ಮಾಸ್ತರು. ನಿವೃತ್ತ ಚರಿತ್ರೆ ಮೇಷ್ಟ್ರು, ಸಮೀಪದ ಒಂದು ಕನ್ನಡ ಸಂಘದ ಹಿರಿಯರು. ಸುತ್ತ ಕೂತಿದ್ದವರೆಲ್ಲ ಸಂಘದವರೇ. ಬೆಳಗಿನ ಕಾಫಿಗೆ ಕೂತು ಅದೇ ಚಿತ್ರದ ಬಗ್ಗೆ ಕೊತಕೊತನೆ ಕುದಿಯುತ್ತಿದ್ದವರು.

"ಮಹನೀಯರೇ, ರಣಧವಳನ ಮಾನ ಕಾಪಾಡಿದ ಪುಣ್ಯಾತ್ಮ ಇವರೇ! ಸ್ವಾಮೀ, ಆ ಪೋರನಿಗೆ ಆ ಪಾತ್ರ ಒಪ್ಪುತ್ತದೆಯೇ? ನೀವೇ ಹೇಳಿ!"

"ಮೆಲ್ಲಗೆ ಸಾರ್, ದಯವಿಟ್ಟು ಮೆಲ್ಲಗೆ..."

"ಮೆಲ್ಲಗೆ ಯಾಕೆ? ಇವತ್ತು ಸಂಜೆ ಬತ್ರಾನ ಆಫೀಸಿಗೆ ನಮ್ಮ ಮೆರವಣಿಗೆ. ಮುಂದಾಳು ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆವು. ದೇವರೇ ಕಳಿಸಿದ! ಎಲ್ಲರ ಮುಂದೆ ನೀವು ನಡೀತೀರಿ. ಲಾಠಿ ಏಟು ಬಿದ್ದರೆ ಮೊದಲ ಏಟು ನಿಮಗೇ. ಆ ಗೌರವ ಇನ್ನೊಬ್ಬರಿಗೆ ಹೋಗೋದಕ್ಕೆ ನಾನು ಬಿಡೋದಿಲ್ಲ!"

ನಂಜುಂಡ "ನನಗೆ ಆಫೀಸಿದೆ" ಎಂದ. "ಎಂಥ ವಿನಯ!" ಎಂದರು ಮಾಸ್ತರು. "ನಾನು ಹಾಗೆ ಹೇಳಲೇ ಇಲ್ಲ, ಅದು ಬೇರೆಯವರು" ಎಂದ. "ಎಂಥ ನಿರ್ಲಿಪ್ತತೆ!" ಎಂದು ತಮ್ಮ ಹೆಗಲಿನ ಶಾಲನ್ನೇ ತೆಗೆದು ಹೊದಿಸಿದರು. ಹತ್ತು ಹದಿನೈದು ಗಂಟಲು ಒಟ್ಟಿಗೆ ಜಯಕಾರ ಹಾಕಿದವು. ಆ ಸದ್ದಿಗೆ ಬೀದಿಯ ಆಚೆ ತುದಿಯಲ್ಲಿ ಅವನನ್ನು ಹುಡುಕಿ ಸೋತು ನಿಂತಿದ್ದ ಕಪ್ಪು ಅಂಗಿಯವರು ತಿರುಗಿದರು. ಮೂರನೆಯ ಜಯಕಾರ ಮುಗಿಯುವಷ್ಟರಲ್ಲಿ ಬಾಗಿಲಲ್ಲಿದ್ದರು.

"ಸಾಬ್ ಬುಲಾಯೇ ಹೈ," ಎಂದ ಒಬ್ಬ.

ಸಂಘದವರು ಚದುರಿ ತಮ್ಮ ತಮ್ಮ ಕಾಫಿಯ ಮುಂದೆ ಕೂತರು. ಬಟ್ಟಲಿಗೆ ಕಾಫಿ ಸುರಿದುಕೊಳ್ಳುತ್ತ ಮಾಸ್ತರು, "ಹೋಗಿಬನ್ನಿ, ಸಂಜೆ ಮರೀಬೇಡಿ" ಎಂದರು.

ಹೊರಗೆ ದೊಡ್ಡದೊಂದು ಬಿಳಿ ಕಾರು ಬಂದು ನಿಂತಿತ್ತು. ಎಡಕ್ಕೊಬ್ಬ, ಬಲಕ್ಕೊಬ್ಬ, ನಡುವೆ ನಂಜುಂಡ, ಎರಡು ಗ್ರೈಂಡರ್ ಕಲ್ಲುಗಳ ಮಧ್ಯದ ಉದ್ದಿನಕಾಳಿನಂತೆ. ಡ್ರೈವರ್ ಮಾತಿಲ್ಲದೆ ಗಾಡಿ ಬಿಟ್ಟ. ಗೋರೆಗಾಂವಿನ ಫಿಲ್ಮ್ ಸಿಟಿಗೆ ಎಂದಷ್ಟೇ ತಿಳಿಯಿತು. ನಂಜುಂಡ ಆಫೀಸಿಗೆ ಫೋನ್ ಮಾಡಿದ.

"ಸರ್, ಆಜ್ ನಹೀ ಆ ಪಾವೂಂಗಾ. ಮೇರಾ ಕಿಡ್ನ್ಯಾಪ್ ಹುವಾ ಹೈ."

ಆ ಕಡೆ ಮ್ಯಾನೇಜರ್ ಒಂದು ಕ್ಷಣ ಯೋಚಿಸಿದರು. "ಹಾಫ್ ಡೇ ಯಾ ಫುಲ್ ಡೇ?"

ಫಿಲ್ಮ್ ಸಿಟಿಯಲ್ಲಿ ಕಾರು ನಿಂತದ್ದು ಒಂದು ಕೋಟೆಯ ಮುಂದೆ. 'ರಣಧವಳ'ದ ಎರಡನೆಯ ಭಾಗಕ್ಕೆ ತಾಲೀಮು ನಡೆಯುತ್ತಿತ್ತು. ಈಟಿ ಹಿಡಿದ ಸೈನಿಕರು, ಹೇಷಾರವ ಮಾಡುವ ಕುದುರೆಗಳು, ಬಿದಿರು ಗಳದ ತುದಿಯಲ್ಲಿ ಸಾಲಾಗಿ ಸಿಕ್ಕಿಸಿದ ರುಂಡಗಳು. ಥರ್ಮಾಕೋಲಿನವೇ ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಅವುಗಳಲ್ಲಿ ಮೀಸೆ ಬೋಳಿಸಿದ್ದು ಯಾವುದಾದರೂ ಇದೆಯೇ ಎಂದು ನೋಡಿದ. ತಿರುವಿನಲ್ಲಿ ಗಂಡುಗೊಡಲಿ ಹೆಗಲಿಗೇರಿಸಿದ್ದ ಆರಡಿ ಎತ್ತರದ ಕೊಲೆಗಡುಕನೊಬ್ಬ ಎದುರಾಗಿ, ನಂಜುಂಡನ ಶಾಲು ನೋಡಿ, ಬಹಳ ಸೌಜನ್ಯದಿಂದ ಕೈ ತೋರಿಸಿದ. "ನಯೇ ಹೋ ಕ್ಯಾ ಚಾಚಾ? ಗರ್ದನ್ ಕಟ್‌ವಾನೇ ಕೀ ಲೈನ್ ಉಧರ್ ಹೈ."

ಕತ್ತು ಕಡಿಸಿಕೊಳ್ಳಲೂ ಸಾಲು ಇದೆಯೆಂದು ಕೇಳಿಯೂ ನಂಜುಂಡ ಮೂರ್ಛೆ ಹೋಗಲಿಲ್ಲ. ಹೋಗಲು ಕಪ್ಪು ಅಂಗಿಯವರು ಜಾಗ ಬಿಟ್ಟಿರಲಿಲ್ಲ. ಅವರು ಅವನನ್ನು ಎತ್ತಿಕೊಂಡೇ ಹೋಗಿ ಒಂದು ವ್ಯಾನಿನೊಳಕ್ಕೆ ತಳ್ಳಿ ಬಾಗಿಲು ಹಾಕಿದರು.

ಒಳಗೆ ಮೇಕಪ್ ಕನ್ನಡಿಯ ಮುಂದೆ ರಾಜನ ವೇಷದಲ್ಲಿ ರೇಯಾಂಶ್ ಬತ್ರಾ ಕೂತಿದ್ದ. ಎದ್ದ. ಹತ್ತಿರ ಬಂದ. ನಂಜುಂಡ ಏಟು ತಡೆಯಲು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ರೇಯಾಂಶ್ ಬಗ್ಗಿ ಅವನ ಕಾಲು ಮುಟ್ಟಿದ.

"ಬರ್ರಿ ಅಂಕಲ್. ಅಂಜಬ್ಯಾಡ್ರಿ, ನಾನ ಕರಿಸೀನಿ."

ನಂಜುಂಡ ಕೈ ಸಂದಿಯಿಂದ ನೋಡಿದ. "ನಿಮಗೆ... ಕನ್ನಡ?"

"ನಮ್ಮ ಹನುಮವ್ವ ಕಲ್ಸ್ಯಾಳ. ಮಮ್ಮೀನೂ ಶೂಟಿಂಗ್, ಡ್ಯಾಡೀನೂ ಶೂಟಿಂಗ್. ನನ್ನ ಸಣ್ಣಾಂವ ಇದ್ದಾಗಿಂದ ಆಕೀನ ನೋಡ್ಕೊಂಡಾಕಿ, ಬಾಗಲಕೋಟಿ ಕಡಿಯಾಕಿ. ಈಗ ಊರಿಗೆ ಹೋಗ್ಯಾಳ." ಹುಡುಗ ಕನ್ನಡವನ್ನು ಕತ್ತಲಲ್ಲಿ ಮೆಟ್ಟಿಲಿಳಿಯುವವನಂತೆ ಒಂದೊಂದೇ ಪದ ತಡಕಿ ಇಳಿಸುತ್ತಿದ್ದ. "ನೀವು ಹಿಂದಿಯೊಳಗ ಬೈದದ್ದು ಎಲ್ಲಾರೂ ಕೇಳ್ಯಾರ. ಕನ್ನಡದಾಗ ಹೇಳಿದ್ದು ನಮ್ಮ ಮನ್ಯಾಗ ನಾ ಒಬ್ಬಾಂವನ ಕೇಳೀನಿ."

"ಏನು ಹೇಳಿದ್ದೆ?" ನಂಜುಂಡನಿಗೆ ನಿಜವಾಗಿಯೂ ನೆನಪಿರಲಿಲ್ಲ.

"ಪಾಪ ಅಂದ್ರಿ. 'ಪಾಪ, ಆ ಹುಡುಗನ ಕಣ್ಣು ನೋಡಿ, ಕುದುರೆ ಮೇಲೆ ಕೂತೋನ ಕಣ್ಣಲ್ಲ, ಹಲ್ಲು ಕೀಳಿಸ್ಕೊಳ್ಳೋಕೆ ಕೂತೋನ ಕಣ್ಣು. ಯಾರೋ ಬಲವಂತ ಮಾಡಿ ಕೂರಿಸಿದಾರೆ' ಅಂದ್ರಿ." ರೇಯಾಂಶ್ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಿವಿಗಳ ಮೇಲೆ ಕೆಂಪು ಬರೆ ಬಿದ್ದಿತ್ತು. "ಖರೇ ಅಂಕಲ್. ಕುದುರಿ ಕಂಡ್ರ ನನಗ ಹೊಟ್ಟಿ ತೊಳಸ್ತೈತಿ. ಲವ್ ಸ್ಟೋರಿ ಅಂದ್ರ ಸರಿ, ಹೀರೋಯಿನ್ ಒದಿಯೂದಿಲ್ಲ. ಸೆಕೆಂಡ್ ಪಾರ್ಟಿನ್ಯಾಗ ಇಂಟರ್ವಲ್‌ತನಕ ಬರೇ ಕುದುರಿ, ಆಮ್ಯಾಲೆ ಆನಿ. ನೀವ ಡ್ಯಾಡಿಗೆ ಹೇಳ್ರಿ, ಈ ಹುಡುಗಗ ರಾಜನ ರೋಲ್ ಆಗೂದಿಲ್ಲ ಅಂತ."

"ನಾನಾ?"

"ನಾ ಹೇಳಿದ್ರ ಕೇಳೂದಿಲ್ಲ. ಇಡೀ ದೇಶಕ್ಕ ಹೇಳೀರಿ, ಡ್ಯಾಡಿ ಒಬ್ಬರಿಗೆ ಹೇಳ್ರಲಾ."

ಆಗುವುದಿಲ್ಲ ಎನ್ನಲು ನಂಜುಂಡ ಬಾಯಿ ತೆರೆದ. ಅಷ್ಟರಲ್ಲಿ ಕಿರೀಟದ ಮೇಲಿದ್ದ ಹುಡುಗನ ಬೆರಳುಗಳು ಕಾಣಿಸಿದವು. ಅವು ನಡುಗುತ್ತಿದ್ದವು, ತನ್ನವು ನಡುಗುವಂತೆಯೇ, ಅದೇ ತಾಳದಲ್ಲಿ. ಈ ಊರಿನಲ್ಲಿ ತನಗಿಂತ ಹೆಚ್ಚು ಹೆದರಿದವನೊಬ್ಬ ಇರಬಹುದೆಂದು ನಂಜುಂಡ ಎಂದೂ ಎಣಿಸಿರಲಿಲ್ಲ. "ನಡೀಪ್ಪ, ಹೇಳ್ತೀನಿ" ಎಂದುಬಿಟ್ಟ.

ಬತ್ರಾ ಸಾಹೇಬರು ದರ್ಬಾರಿನ ಸೆಟ್ಟಿನಲ್ಲಿ ಸಿಂಹಾಸನದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅಳತೆ ಕೊಟ್ಟು ಮಾಡಿಸಿದಂತೆ ಸಿಂಹಾಸನ ಅವರಿಗೆ ಹೊಂದುತ್ತಿತ್ತು. ನಂಜುಂಡನನ್ನು ಮೇಲಿಂದ ಕೆಳಕ್ಕೆ ನೋಡಿ, "ಓಹೋ, ಆ ಕಿವಿಯ ಮನುಷ್ಯ ನೀನೇನಾ?" ಎಂದು ಹಿಂದಿಯಲ್ಲಿ ಗುಡುಗಿದರು.

ನಂಜುಂಡ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿಕೊಂಡೇ ಹೇಳಿದ. ನಿಮ್ಮ ಮಗ ಒಳ್ಳೆಯ ಹುಡುಗ, ಪ್ರೀತಿಯ ಪಾತ್ರಕ್ಕೆ ಹೇಳಿಮಾಡಿಸಿದವನು, ಆದರೆ ರಾಜನಲ್ಲ. ಕುದುರೆ ಕಂಡರೆ ಅವನಿಗೆ ಭಯ, ಅದನ್ನು ನಿಮಗೆ ಹೇಳಲು ಇನ್ನೂ ಭಯ. "ಹೆದರಿದವನು ನಗುನಗುತ್ತ ಇದ್ದುಬಿಡ್ತಾನೆ ಸಾಹೇಬ್, ಯಾರಿಗೂ ಗೊತ್ತಾಗೋಲ್ಲ. ನನಗೆ ಗೊತ್ತಾಗುತ್ತೆ, ನಾನೂ ಅಂಥವನೇ."

ಏಟು ಯಾವ ಕಡೆಯಿಂದ ಬರುತ್ತದೆಂದು ಕಾಯುತ್ತಿದ್ದ ನಂಜುಂಡ ಒಂದು ಕಣ್ಣು ತೆರೆದ. ಬತ್ರಾ ಸಾಹೇಬರು ಚಹಾದ ಕಪ್ಪನ್ನು ನೋಡುತ್ತ ಕೂತಿದ್ದರು. ಬೃಹತ್ತಾದ ಆ ಮುಖ ಸಣ್ಣದಾಗಿತ್ತು.

"ನನಗೂ ಕಾಣಿಸುತ್ತಿತ್ತು," ಎಂದರು ಕೊನೆಗೆ. "ಯಾರೂ ಹೇಳಲಿಲ್ಲ, ಅದಕ್ಕೆ ಬೇರೆ ಯಾರಿಗೂ ಕಾಣಿಸಲಿಲ್ಲ ಅಂದುಕೊಂಡೆ." ಎದ್ದು ನಿಂತು ಮೆಗಾಫೋನು ಎತ್ತಿಕೊಂಡರು. "ಪ್ಯಾಕ್ ಅಪ್! ಎರಡನೆಯ ಭಾಗ ಇಲ್ಲ. ಎಲ್ಲರೂ ಮನೆಗೆ ಹೋಗಿ!"

ರೇಯಾಂಶ್ ಓಡಿಬಂದು ನಂಜುಂಡನನ್ನು ಅಪ್ಪಿಕೊಂಡು ಎತ್ತಿ ಒಂದು ಸುತ್ತು ತಿರುಗಿಸಿದ. ನೆಲಕ್ಕೆ ಇಳಿದ ನಂಜುಂಡ ಶಾಲನ್ನು ಸರಿಪಡಿಸಿಕೊಂಡು ಕೋಟೆಯ ಬಾಗಿಲಿನ ಕಡೆ ನಡೆದ. ಹುಟ್ಟಿದ ಮೇಲೆ ಮೊದಲ ಬಾರಿಗೆ ಎದೆ ಹೊಟ್ಟೆಗಿಂತ ಮುಂದೆ ಹೋಗುತ್ತಿತ್ತು.

ಬಾಗಿಲಿನಲ್ಲಿ ಸೈನ್ಯ ನಿಂತಿತ್ತು.

ನೂರಾರು ಜನ. ಈಟಿ, ಗುರಾಣಿ, ಗದೆ. ಕೈಯಲ್ಲಿ ಅರ್ಧ ತಿಂದ ವಡಾಪಾವ್. ಎಲ್ಲರ ಕಣ್ಣೂ ಅವನ ಮೇಲೆ. "ಇಸೀ ನೇ ಪಿಕ್ಚರ್ ಬಂದ್ ಕರ್‌ವಾಯಾ!" ಎಂದು ಯಾರೋ ಕೂಗಿದರು.

ನಂಜುಂಡ ಓಡಿದ. ಸೈನ್ಯ ಅಟ್ಟಿಸಿಕೊಂಡು ಬಂತು. ಕಂಬವೊಂದನ್ನು ಅಪ್ಪಿ ತಿರುಗಿದರೆ ಕಂಬ ಕೈಯಲ್ಲೇ ಬಂತು. ಅಂತಃಪುರದ ಬಾಗಿಲಿಗೆ ನುಗ್ಗಿದರೆ ಅದು ಬಟ್ಟೆಯ ಮೇಲೆ ಬರೆದ ಬಾಗಿಲು. ಹರಿದುಕೊಂಡು ಆಚೆ ಬಿದ್ದ. ಬಿದ್ದದ್ದು ಒಂದು ಕುದುರೆಯ ಕಾಲ ಬಳಿ. ಕುದುರೆಯ ಲಗಾಮು ಹಿಡಿದಿದ್ದ ಬಿಳಿ ಗಡ್ಡದ ಮುದುಕ ಅವನನ್ನು ತೋಳು ಹಿಡಿದು ಎಬ್ಬಿಸಿದ.

"ಪೆಟ್ಟ ಆತೇನ್ರಿ? ನಾ ಮಕ್ತುಮಸಾಬ. ಕುದ್ರಿ ನಮ್ಮವ." ಅಷ್ಟರಲ್ಲಿ ಸುತ್ತ ಈಟಿಗಳ ಬೇಲಿ ಎದ್ದಿತ್ತು. ಮುದುಕ ಕೈಯೆತ್ತಿ ಎಲ್ಲರನ್ನೂ ತಡೆದ. "ನೀವು ಹೇಳಿದ್ದ ಸುಳ್ಳಲ್ರೀ. ಆ ಹುಡುಗ ಕುದ್ರಿ ಮ್ಯಾಲ ಕುಂತ್ರ ಬಟಾಟಿ ಚೀಲ ಕುಂತಂಗ ಕಾಣ್ತದ, ಯಾರರೆ ಇಲ್ಲ ಅಂತಾರೇನು? ಕುದ್ರಿಗೂ ಗೊತ್ತದ. ಆದ್ರ ಈ ಪಿಚ್ಚರ್ ನಿಂತ್ರ ಕುದ್ರಿ ಹೊಟ್ಟಿಗೆ ಏನ್ ಹಾಕ್ಲಿ ಹೇಳ್ರಿ? ಈ ಮಂದಿ ಎಲ್ಲಾ ಎಲ್ಲಿಗೆ ಹೋಗ್ಬೇಕು? ರಾಜಾ ಹೆಂಗರೆ ಇರ್ಲಿ ಸಾಹೇಬ್ರ, ಫೌಜು ಉಣ್ಬೇಕಲ್ಲ?"

ನಂಜುಂಡ ಈಟಿಗಳತ್ತ ನೋಡಿದ. ಇನ್ನೊಂದು ಪ್ರಾಮಾಣಿಕ ಮಾತು ಒಳಗೆ ಹುಡುಕಿದ. ಅಲ್ಲಿ ಸಿಕ್ಕಿದ್ದು ಎಂದಿನ "ಸಾರಿ ಸರ್" ಒಂದೇ. ಈಟಿಗಳ ತುದಿ ರಬ್ಬರಿನವು ಎಂದು ಆಗ ಅವನಿಗೆ ಯಾರೂ ಹೇಳಲಿಲ್ಲ.

ಸೈನ್ಯಸಮೇತನಾಗಿ ಮತ್ತೆ ದರ್ಬಾರಿಗೆ ಹೋದ. ಸಿಂಹಾಸನದ ಮುಂದೆ ಮೊಣಕಾಲೂರಿದ. "ತಪ್ಪಾಯ್ತು ಸಾಹೇಬ್! ನಿಮ್ಮ ಮಗನೇ ರಾಜ! ಅವನನ್ನು ಬಿಟ್ಟರೆ ಆ ಪಾತ್ರಕ್ಕೆ ಭೂಮಿ ಮೇಲೆ ಇನ್ನೊಬ್ಬನಿಲ್ಲ! ನನ್ನ ಕಣ್ಣಿಗೇ ಪೊರೆ ಬಂದಿತ್ತು!"

ಅಪ್ಪನ ಮನಸ್ಸು ಎಷ್ಟೆಂದರೂ ಅಪ್ಪನ ಮನಸ್ಸು. ಬತ್ರಾ ಸಾಹೇಬರ ಮುಖ ಪೂರಿಯಂತೆ ಉಬ್ಬಿತು. "ನನಗೂ ಹಾಗೇ ಅನ್ನಿಸುತ್ತಿತ್ತು!" ಎಂದರು. ಸೈನ್ಯ ಈಟಿಗಳನ್ನು ಮೇಲೆತ್ತಿ ಜಯಘೋಷ ಮಾಡಿತು. ಮಕ್ತುಮಸಾಬ ಕುದುರೆಯ ಕಿವಿಯಲ್ಲಿ ಸುದ್ದಿ ಹೇಳಿದ.

ವ್ಯಾನಿನ ಬಾಗಿಲಲ್ಲಿ ರೇಯಾಂಶ್ ನಿಂತಿದ್ದ. ಕೋಪಿಸಿಕೊಂಡಿದ್ದರೆ ನಂಜುಂಡ ತಡೆದುಕೊಳ್ಳುತ್ತಿದ್ದ. ಹುಡುಗ ಕಿರೀಟವನ್ನು ಮತ್ತೆ ತಲೆಗಿಟ್ಟುಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಾಹೇಬರು ನಂಜುಂಡನ ಹೆಸರು, ಫೋನ್ ನಂಬರು ಬರೆದುಕೊಂಡು, ಮನೆಗೆ ಬಿಟ್ಟುಬರಲು ಅದೇ ಬಿಳಿ ಕಾರನ್ನು ಕೊಟ್ಟರು. ಈ ಸಲ ಕಪ್ಪು ಅಂಗಿಯವರಿಲ್ಲ; ಬೆಳಗಿನ ಡ್ರೈವರ್ ಮತ್ತು ಅವನು ಇಬ್ಬರೇ. ಆರೆ ಕಾಡಿನ ಮರಗಳು ಹಿಂದಾದವು. ಭಯ ತೀರಿತ್ತು, ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತ್ತು, ಅದು ಭಯಕ್ಕಿಂತ ಭಾರವಾಗಿತ್ತು.

ಪೊವೈ ಸಮೀಪ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ, ಬೆನ್ನ ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ಅಂಕಲ್."

ನಂಜುಂಡ ಕಿರುಚಲಿಲ್ಲ, ಉಸಿರಿದ್ದರೆ ತಾನೆ. ಮೆಲ್ಲಗೆ ತಿರುಗಿ ನೋಡಿದ. ಕೊನೆಯ ಸೀಟಿನ ಸಂದಿಯಲ್ಲಿ, ಚೀಲಗಳ ನಡುವೆ ಮಡಚಿಕೊಂಡು ಮಲಗಿದ್ದ, ಜರತಾರಿ ಅಂಗಿಯ ಸಮೇತ, ರೇಯಾಂಶ್ ಬತ್ರಾ.

"ನಾ ಓಡಿ ಬಂದೀನಿ. ಇವತ್ತ ನಿಮ್ಮ ಮನ್ಯಾಗ ಇರ್ತೀನಿ, ನಾಳೆ ಹನುಮವ್ವನ ಊರಿಗೆ ಹೋಗ್ತೀನಿ. ಆಕಿ ಮನ್ಯಾಗ ಕುದುರಿ ಇಲ್ಲ. ಆಕಳ ಒಂದ ಐತಿ, ಅದು ಹಾಯೂದಿಲ್ಲ ಅಂದಾಳ."

ನಂಜುಂಡ ಮುಂದೆ ನೋಡಿದ. ಡ್ರೈವರ್ ಎದುರಿನ ರಿಕ್ಷಾಕ್ಕೆ ಹಿಂದಿಯಲ್ಲಿ ಬೈಯುತ್ತಿದ್ದ. ಸದ್ಯ, ಹುಡುಗನ ಮಾತು ಕನ್ನಡದಲ್ಲಿತ್ತು, ಡ್ರೈವರನಿಗೆ ತಿಳಿಯದು. ಆದರೂ ಅನುಮಾನ ಬರಬಾರದೆಂದು ಮೊಬೈಲನ್ನು ಕಿವಿಗೆ ಹಿಡಿದು, ಮನೆಗೆ ಮಾತಾಡುವವನಂತೆ, ಹಿಂದಿನ ಸೀಟಿಗೆ ಮಾತಾಡಿದ. "ಬೇಡಪ್ಪ, ನಿಮ್ಮ ತಂದೆ ನನ್ನ ಚರ್ಮ ಸುಲೀತಾರೆ."

"ನೀವು ಇಲ್ಲ ಅಂದ್ರ ನನಗ ಯಾರೂ ಇಲ್ಲ."

ಕಿವಿಗೆ ಹಿಡಿದಿದ್ದ ಮೊಬೈಲು ನಿಜವಾಗಿಯೇ ರಿಂಗಾಯಿತು. ನಂಜುಂಡ ಸೀಟಿನಿಂದ ಒಂದು ಗೇಣು ಮೇಲೆ ಹಾರಿದ. ಆ ಕಡೆ ಬತ್ರಾ ಸಾಹೇಬರು.

"ನಂಜುಂಡ ಜೀ! ಮಗ ಕಾಣಿಸುತ್ತಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ. ಪೊಲೀಸರು ಬಂದಿದ್ದಾರೆ. ಕಾರಿನಲ್ಲಿ ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ?"

ಸೀಟಿನ ಸಂದಿಯಲ್ಲಿ ಹುಡುಗ ಕೈ ಮುಗಿದ. ಸಿಂಹಾಸನದ ಮುಂದೆ ಮೊಣಕಾಲೂರಿದ ಗಳಿಗೆ ನಂಜುಂಡನ ಕಣ್ಣಮುಂದೆ ಬಂತು. ಎರಡು ಸಲ ಒಂದೇ ಹುಡುಗನನ್ನು ಮಾರಿಬಿಡಲು ಅವನಿಂದಾಗಲಿಲ್ಲ.

"ನಹೀ ಸಾಹೇಬ್," ಎಂದ. ಧ್ವನಿ ಒಂದಿಷ್ಟೂ ನಡುಗಲಿಲ್ಲ. "ಮೈ ಅಕೇಲಾ ಹೂಂ."

ಫೋನ್ ಇಟ್ಟ ಮೇಲೆ ಅವನಿಗೆ ಹೊಸ ಹುರುಪು ಬಂತು. ಮತ್ತೆ ಮೊಬೈಲನ್ನು ಕಿವಿಗೊತ್ತಿ ಹುಡುಗನಿಗೆ ಉಪಾಯವನ್ನೆಲ್ಲ ಬಿಡಿಸಿ ಹೇಳತೊಡಗಿದ. "ಹೆದರಬೇಡ. ಮುಂದಿನ ಗೇಟು ಬೇಡ, ಕಸದ ಗೇಟಿನಿಂದ ಒಳಗೆ ತಗೊಂಡು ಹೋಗ್ತೀನಿ. ನಮ್ಮವಳ ಒಂದು ಸೀರೆ ಉಡಿಸಿ, ತಲೆ ಮೇಲೆ ಸೆರಗು ಎಳೆದರೆ ನಿನ್ನ ಹೆತ್ತಮ್ಮನಿಗೂ ಗುರುತು ಸಿಗಲ್ಲ. ಅಡುಗೆಮನೆ ಅಟ್ಟದ ಮೇಲೆ ಮಲಗು. ಯಾರು ಕೇಳಿದರೂ ಉಸಿರು ಬಿಡಬೇಡ. ಬೆಳಿಗ್ಗೆ ಮೊದಲ ಬಸ್ಸಿಗೆ ಸಾಗಿಸಿಬಿಡ್ತೀನಿ."

ಸಿಗ್ನಲ್ ಬಿಟ್ಟಿತು. ಕಾರು ಮುಂದೆ ಹೋಗಲಿಲ್ಲ; ರಸ್ತೆಯ ಅಂಚಿಗೆ ಬಂದು ನಿಂತಿತು. ನಾಲ್ಕೂ ಬಾಗಿಲುಗಳು 'ಟಕ್' ಎಂದು ಲಾಕ್ ಆದವು. ಡ್ರೈವರ್ ತನ್ನ ಫೋನನ್ನು ತೆಗೆದು ಯಾರಿಗೋ ಹಚ್ಚಿದ.

"ಸಾಬ್, ಡ್ರೈವರ್ ಐತ ಬೋಲ್ ರಹಾ ಹೂಂ. ಛೋಟೇ ಸಾಬ್ ಮಿಲ್ ಗಯೇ. ಯೇ ಅಂಕಲ್ ನೇ ಹೀ ಛುಪಾಯಾ ಹೈ. ಸಾಡೀ ಪೆಹನಾಕೇ, ಅಟ್ಟೇ ಪೇ ಬಂದ್ ಕರ್‌ಕೇ, ಸುಬಹ್ ಬಸ್ ಮೇ ಬಾಹರ್ ಭೇಜನೇ ವಾಲೇ ಥೇ. ಹಾಂ ಸಾಬ್. ಪೂರಾ ಪ್ಲಾನ್ ಮೈನೇ ಖುದ್ ಸುನಾ. ಪೊಲೀಸ್ ಕೋ ಬೋಲೋ, ವಾಪಸ್ ಲಾ ರಹಾ ಹೂಂ."

ಕಾರು ಫಿಲ್ಮ್ ಸಿಟಿಯ ಕಡೆಗೆ ತಿರುಗಿತು. ಹಿಂದಿನ ಸೀಟಿನಲ್ಲಿ ರಾಜ ಎದ್ದು ಕೂತು ಬಿಕ್ಕತೊಡಗಿದ.

"ನಿನಗೆ... ನಿಮಗೆ ಕನ್ನಡ ಬರುತ್ತಾ?" ಎಂದ ನಂಜುಂಡ, ಸತ್ತ ಧ್ವನಿಯಲ್ಲಿ.

"ನಮ್ದು ಕಾರ್ಕಳ ಅಲ್ವಾ," ಎಂದ ಐತ, ಕನ್ನಡಿಯಲ್ಲಿ ಅವನನ್ನು ನೋಡಿ ಸ್ನೇಹದಿಂದ ನಗುತ್ತ. "ಬೇಜಾರು ಮಾಡ್ಬೇಡಿ ಮಾರಾಯ್ರೆ. ಈ ಪಿಕ್ಚರ್ ನಿಂತ್ರೆ ನನ್ನ ಕೆಲಸವೂ ಹೋಗ್ತದೆ."

"ನಮ್ಮವರು ಅಂತ ಬೆಳಿಗ್ಗೆಯೇ ಒಂದು ಮಾತು ಹೇಳಬಾರದಿತ್ತಾ?"

ಐತ ಗೇರು ಬದಲಿಸಿದ. "ಹೇಳಿದ್ರೆ ನೀವು ಇಷ್ಟು ವಿವರ ಕೊಡ್ತಿದ್ರಾ?"